ಗಾಲಿಯ ಪಕ್ಕ ನಿಂತವಳು

ನಮ್ಮ ಯಜಮಾನರಿಗೆ ಬ್ರಿಟನ್ನಿನಲ್ಲಿ ಅರಮನೆ ಬೇಕಿರಲಿಲ್ಲ. ಬೇಕಿದ್ದದ್ದು ಹಳೆಯ ಎಂಜಿನ್ ಶೆಡ್ಡು, ಕಾಲುವೆಯ ತೂಬು, ತುಕ್ಕು ಹಿಡಿದ ಹಳಿ. ಪೆನಾಂಗಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಕ್ಕಿಕಾಳಿಗಿಂತ ಚಿಕ್ಕ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ನೋಡಿದ ಕಣ್ಣಿಗೆ ದೊಡ್ಡದೇನಾದರೂ ಬೇಕಿತ್ತೋ ಏನೋ.

ಹೋದ ವರ್ಷ ಮೂರು ವಾರ ತಿರುಗಿ ಬಂದೆವು. ಕಳೆದ ಭಾನುವಾರ ಮಧ್ಯಾಹ್ನ ಬಾಂಗ್ಸಾರ್ ಬಡಾವಣೆಯ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕನ್ನಡದವರನ್ನೆಲ್ಲ ಸೇರಿಸಿ ಇನ್ನೂರ ಹದಿನಾಲ್ಕು ಫೋಟೋ ತೋರಿಸಲು ಕೂತರು. ಕೊನೆಯಲ್ಲಿ ಎರಡನೆಯ ಪ್ರವಾಸದ, ಸ್ಕಾಟ್ಲೆಂಡಿನದರ, ಸುದ್ದಿ ಹೇಳುವವರಿದ್ದರು. ಹತ್ತು ಜನರೆದುರು ಹೇಳಿದರೆ ನಾನು ಬೇಡ ಎನ್ನಲಾರೆ ಎಂದು ಅವರ ಎಣಿಕೆ. ಬರುವುದಿಲ್ಲ ಎಂದು ಹೇಳಲೇಬೇಕೆಂದು ನಾನೂ ತೀರ್ಮಾನಿಸಿದ್ದೆ. ಆದರೆ ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಹಾಗೆ ಹೇಳಿ ಅಭ್ಯಾಸವಿಲ್ಲ ನೋಡಿ.

"ಇದು ಐರನ್‌ಬ್ರಿಜ್. ಪೂರಾ ಎರಕದ ಕಬ್ಬಿಣ. ಬುಡದಲ್ಲಿ ನಮ್ಮ ರತ್ನ, ಅಳತೆಗೆ."

ಎಲ್ಲ ಫೋಟೋದಲ್ಲೂ ನಾನಿದ್ದೇನೆ, ಅಳತೆಗೆ. ನಾನು ಸರಿಯಾಗಿ ಐದಡಿ. ನಗಬಾರದು, ತಲೆ ವಾಲಿಸಬಾರದು, ಎತ್ತರ ತಪ್ಪುತ್ತದೆ. ವೇಲ್ಸಿನಲ್ಲಿ ಸೇತುವೆಯ ಮೇಲೊಂದು ಕಾಲುವೆ, ಅದರಲ್ಲಿ ದೋಣಿ. ಕೆಳಗೆ ನದಿ ಇರುವಾಗ ಮೇಲೇಕೆ ದೋಣಿ ಎಂದು ಕೇಳಿದ್ದಕ್ಕೆ "ಅಲ್ಲಾಡಬೇಡ" ಎಂದಿದ್ದರು.

ನಲವತ್ತನೆಯ ಫೋಟೋದ ಹೊತ್ತಿಗೆ ಯಾರೂ ಎಂಜಿನ್ ನೋಡುತ್ತಿರಲಿಲ್ಲ. ಎದುರುಮನೆಯ ಮ್ಯಾಗ್ಡಲಿನ್ ನನ್ನ ತೊಡೆ ಚಿವುಟಿದಳು. "ರತ್ನಕ್ಕ, ನಿಮ್ಮ ಮುಖವೇ ಒಂದು ಸೀರಿಯಲ್ ಉಂಟು ಮಾರಾಯ್ರೆ."

ಮುಂದಿನ ಫೋಟೋಗೆ, ಬಂದವರಲ್ಲೊಬ್ಬರ ಮಗಳು, ಪುಟ್ಟ ಇಂಚರ ಎದ್ದು ನಿಂತಳು. "ಅಜ್ಜಿ, ವೈ ಆರ್ ಯೂ ಕ್ರೈಯಿಂಗ್?"

"ಅದು ಚಳಿಗೆ ಪುಟ್ಟಿ. ನೀನು ಗಾಲಿ ನೋಡು, ಎಷ್ಟು ದೊಡ್ಡದು!" ಎಂದರು ಯಜಮಾನರು.

"ಚಳಿಗಲ್ಲ ಕಂದ," ಎಂದೆ. "ಒಂದಕ್ಕೆ ಅವಸರ ಆಗಿತ್ತು. ಆ ಸ್ಟೇಷನ್ನಿನ ಕಕ್ಕಸಿಗೂ ನೂರು ವರ್ಷವಂತೆ. ನೋಡೋಕಷ್ಟೇ, ಬೀಗ ಹಾಕಿದ್ರು. ಇವರು ಅದರ ಬಾಗಿಲಲ್ಲೂ ನನ್ನ ನಿಲ್ಸಿ ಫೋಟೋ ತೆಗೆದ್ರು."

ಯಜಮಾನರ ಬೆರಳು ತಪ್ಪಿ ಗುಂಡಿ ಒತ್ತಿತು. ಪರದೆಯ ಮೇಲೆ ಅದೇ ಬಾಗಿಲು, ಅದೇ ನಾನು. ಹಾಲ್ ಬಿದ್ದುಹೋಗುವ ಹಾಗೆ ಎಲ್ಲರೂ ನಕ್ಕರು.

"ಆಮೇಲೆ ಎಲ್ಲಿ ಹೋದ್ರಿ ರತ್ನಕ್ಕ?" ಎಂದ ಮ್ಯಾಗ್ಡಲಿನ್ ಗಂಡ ಝೇವಿಯರ್.

"ಇವರನ್ನೇ ಕೇಳಪ್ಪ," ಎಂದೆ.

ಒಂದೊಂದು ಬೋಲ್ಟಿನ ಇಸವಿ ಬಲ್ಲ ಯಜಮಾನರು ತಲೆ ಕೆರೆದುಕೊಂಡು ನನ್ನತ್ತ ತಿರುಗಿ, "ಹೋಗಿದ್ಯಾ?" ಎಂದರು.

ಆಗ ಮಾತ್ರ ಯಾರೂ ನಗಲಿಲ್ಲ. ನನ್ನ ಬಾಯಿಂದ ಸಲೀಸಾಗಿ ಬಂತು: "ಸ್ಕಾಟ್ಲೆಂಡಿಗೆ ನಾನು ಬರಲ್ಲ. ಝೇವಿಯರ್‌ನ ಕರ್ಕೊಂಡು ಹೋಗಿ."

"ಅವನು ಆರಡಿ ಕಣೇ! ನಂದೆಲ್ಲಾ ಐದಡಿ ಲೆಕ್ಕದಲ್ಲಿದೆ!"

"ಮೊದಲಿಂದ ತೆಗೀರಿ."

ಝೇವಿಯರ್ ಆಗಲೇ ಎದ್ದು ನಿಂತಿದ್ದ. "ಯಾವಾಗ ಬೋರಯ್ಯಣ್ಣ?"

"ಟೂರ್ ಆರು ವಾರ ಇಟ್ಕೊಳ್ಳಿ ಲಾ," ಎಂದಳು ಮ್ಯಾಗ್ಡಲಿನ್, ಇಲ್ಲಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಉಳಿದ ಫೋಟೋಗಳನ್ನು ಯಾರೂ ಕೇಳಲಿಲ್ಲ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಕಟ್ಟಿಸಿ ತಂದಿದ್ದ, ಪರೋಟದಂಥ ರೊಟ್ಟಿ ಚನಾಯ್ ಹಂಚುವಾಗ ಯಜಮಾನರು ತಟ್ಟೆ ಹಿಡಿದು ಪಕ್ಕಕ್ಕೆ ಬಂದರು.

"ನಿಜ ಹೇಳು. ಆಮೇಲೆ ಎಲ್ಲಿಗೆ ಹೋದೆ?"

"ಆ ನಿಮ್ಮ ದೊಡ್ಡ ಎಂಜಿನ್ನಿನ ಹಿಂದೆ."

ಅವರು ತುತ್ತನ್ನು ತಟ್ಟೆಗೆ ವಾಪಸು ಇಟ್ಟರು.