ಮೂರನೇ ಮಹಡಿಯ ದವಡೆನೋವು

ಪರದೆ ಹೊಲಿಯುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ವಯಸ್ಸು ಇನ್ನೂ ಐವತ್ತಾಗಿರಲಿಲ್ಲ. ಮಗಳು ಶಾಲೆಗೆ ಸೇರಿದ ವರ್ಷ ಅವಳಿಗೆ ಸಂಧಿವಾತ ಹಿಡಿಯಿತು. ಮಗಳು ಈಗ ಕಾಲೇಜು ಮುಗಿಸುತ್ತಿದ್ದಳು. ವಯಸ್ಸಾದವರ ಮಂಡಿ ಸವೆತವಲ್ಲ ಅದು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ತನ್ನ ಕೀಲುಗಳ ಮೇಲೆ ಬೀಳುವ ರೋಗ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂತು, "ಇವಕ್ಕಿನ್ನೂ ಬೆಳಗಾಗಿಲ್ಲ" ಎನ್ನುವಳು. ಅಂಗಡಿಯಲ್ಲಿ ಕತ್ತರಿಯ ಕೆಲಸವನ್ನು ನಾದಿನಿಗೆ ಬಿಟ್ಟು ತಾನು ಯಂತ್ರದ ಮುಂದೆ ಕೂರುತ್ತಿದ್ದಳು. ಬಟ್ಟೆಯನ್ನು ಬೆರಳಿನ ಬದಲು ಅಂಗೈಯಿಂದ ತಳ್ಳಿ ನೆರಿಗೆ ಕೂರಿಸುವುದನ್ನು ರೂಢಿಸಿಕೊಂಡಿದ್ದಳು.

ಇಷ್ಟು ವರ್ಷಗಳಲ್ಲಿ ಮನೆಯವರ ಕಿವಿ ಅವಳ ನೋವಿಗೆ ಒಗ್ಗಿಹೋಗಿತ್ತು. ಯಾರೂ ಕೆಟ್ಟವರಲ್ಲ. ಗಂಡ ಕಾರು ಓಡಿಸುವುದನ್ನು ಕಲಿಸುವವನು; ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯ ಡಬ್ಬಿಗಳ ಮುಚ್ಚಳವನ್ನೆಲ್ಲ ಸಡಿಲ ಮಾಡಿಟ್ಟೇ ಹೋಗುತ್ತಿದ್ದ. ಆದರೆ ಅವಳು "ಮಣಿಕಟ್ಟು ನೋಯ್ತಿದೆ" ಎಂದರೆ "ಹೂಂ" ಎನ್ನುತ್ತಿದ್ದ, ಅಷ್ಟೇ. ಅವಳೂ ಹಾಗೆಯೇ. ಎಲ್ಲಿ ನೋವು ಬಂದರೂ ಹಳೇ ನೆಂಟ ಎಂದುಕೊಂಡು ಸುಮ್ಮನಾಗುವಳು.

ಕೀಲಿನ ಡಾಕ್ಟರು ಒಮ್ಮೆ ಬೇರೆಯದೇ ಮಾತು ಹೇಳಿದ್ದರು. "ಈ ಉರಿಯೂತ ಬರೀ ಕೀಲಲ್ಲೇ ನಿಲ್ಲಲ್ಲಮ್ಮ. ರಕ್ತನಾಳದ ಒಳಗೋಡೆನೂ ಹಾಳು ಮಾಡುತ್ತೆ. ನಿಮ್ಮಂಥವರಿಗೆ ಹೃದಯದ ತೊಂದರೆ ಬೇರೆಯವರಿಗಿಂತ ಹೆಚ್ಚು. ಬೇಗನೂ ಬರಬಹುದು. ಬಿ.ಪಿ., ಕೊಲೆಸ್ಟ್ರಾಲ್ ನೋಡಿಸ್ಕೊಳ್ಳಿ."

ಅವಳು ತಲೆಯಾಡಿಸಿದಳು. ಮಗಳ ಪರೀಕ್ಷೆ, ಹೋಟೆಲೊಂದರ ದೊಡ್ಡ ಆರ್ಡರು ಎಂದು ಆ ವಿಷಯ ಹಿಂದೆ ಬಿತ್ತು. ಅವಳದು ಸಪೂರ ಮೈ. ಹೃದಯದ ಕಾಯಿಲೆ ಎಂದರೆ ಅವಳ ಕಣ್ಣಿಗೆ ಕಟ್ಟುತ್ತಿದ್ದುದು ಹೊಟ್ಟೆ ಬಿಟ್ಟುಕೊಂಡು ಸಿಗರೇಟು ಸೇದುವ ಗಂಡಸು.

ಆಮೇಲೆ ಎಡ ದವಡೆ ನೋಯತೊಡಗಿತು. ಬಟ್ಟೆಯ ಸುರುಳಿ ಎತ್ತಿದರೆ, ಬಸ್ಸಿಗೆ ಬಿರುಸಾಗಿ ನಡೆದರೆ ಬರುತ್ತಿತ್ತು, ಕೂತರೆ ಹೋಗುತ್ತಿತ್ತು.

"ದವಡೆಗೂ ಬಂತಾ ನಿಮ್ಮ ವಾತ?" ನಾದಿನಿ ಕೇಳಿದಳು.

"ಮಾತು ಕಮ್ಮಿ ಮಾಡ್ಲಿ ಅಂತ ಇರ್ಬೇಕು."

"ಹಾಗಾದ್ರೆ ಒಳ್ಳೇದೇ ಬಿಡಿ ಅತ್ತಿಗೆ."

ಇಬ್ಬರೂ ನಕ್ಕರು. ಆದರೆ ನೋವು ದಿನದಿನಕ್ಕೆ ಹೆಚ್ಚಾದಾಗ, ಹಲ್ಲಿನದೇ ಇರಬೇಕು ಎಂದುಕೊಂಡ ನಾದಿನಿ ತನಗೆ ಗೊತ್ತಿದ್ದ ಹಲ್ಲಿನ ಡಾಕ್ಟರ ಬಳಿಗೆ ಅವಳನ್ನು ಎಳೆದುಕೊಂಡೇ ಹೊರಟಳು.

ಕ್ಲಿನಿಕ್ಕು ಮೂರನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿತ್ತು. ಎರಡನೇ ಮಹಡಿಗೆ ಬರುವಷ್ಟರಲ್ಲಿ ದೊಡ್ಡಕ್ಕ ಕಂಬಿ ಹಿಡಿದು ನಿಂತುಬಿಟ್ಟಳು.

"ಮಂಡಿನಾ?"

"ಅಲ್ಲ, ದವಡೆ."

"ಮೆಟ್ಟಿಲು ಹತ್ತಿದ್ರೆ ದವಡೆ ನೋಯುತ್ತಾ?" ಎಂದು ನಗಲು ಹೊರಟ ನಾದಿನಿ, ಅತ್ತಿಗೆಯ ಹಣೆಯ ಮೇಲಿನ ಬೆವರು ನೋಡಿ ಅವಳ ತೋಳು ಹಿಡಿದುಕೊಂಡಳು.

ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಒಂದೊಂದೇ ಹಲ್ಲು ತಟ್ಟಿ ನೋಡಿ, "ಹಲ್ಲೆಲ್ಲ ಗಟ್ಟಿಯಾಗಿವೆ. ಈಗ ನೋಯ್ತಿದೆಯಾ?" ಎಂದರು.

"ಇಲ್ಲ, ಕೂತ್ಮೇಲೆ ಹೋಯ್ತು."

"ಮೆಟ್ಟಿಲು ಹತ್ತುವಾಗ ಬಂತು ಡಾಕ್ಟ್ರೇ," ನಾದಿನಿ ಬಾಗಿಲಿನಿಂದಲೇ ಹೇಳಿದಳು. "ಪೂರ್ತಿ ಬೆವತುಬಿಟ್ರು."

ಡಾಕ್ಟರು ಕೈಗವಸು ಕಳಚಿದರು. "ಅಗಿಯುವಾಗ ನೋಯುತ್ತಾ?"

"ಇಲ್ಲ. ನನಗೆ ಸಂಧಿವಾತ ಇದೆ, ಅದ್ರದ್ದೇ ಇರ್ಬೇಕು."

"ಕೀಲಿನ ನೋವಾದ್ರೆ ಅಗಿದಾಗ ಬರ್ಬೇಕಿತ್ತು. ಮೆಟ್ಟಿಲು ಹತ್ತಿದಾಗ ಬಂದು, ಕೂತ ತಕ್ಷಣ ಹೋಗೋದು ನನಗೆ ಸರಿ ಕಾಣ್ತಿಲ್ಲ. ಹೃದಯ ನೋಡಿಸ್ಬೇಕು, ಈಗ್ಲೇ. ನೀವು ನಡೆದು ಇಳಿಯೋದು ಬೇಡ."

ಆಂಬುಲೆನ್ಸಿನವರಿಬ್ಬರು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೆಟ್ಟಿಲ ತಿರುವುಗಳಲ್ಲಿ ಗೋಡೆಗೆ ತಾಗದಂತೆ ಹೊತ್ತು ಇಳಿಸಿದರು. "ಹಲ್ಲು ತೋರಿಸೋಕೆ ಬಂದವಳನ್ನ ಹೆಣದ ಹಾಗೆ ಹೊರ್ತಿದ್ದಾರಲ್ಲೇ," ಎಂದಳು ದೊಡ್ಡಕ್ಕ. "ಸುಮ್ನಿರಿ ಅತ್ತಿಗೆ," ಎಂದ ನಾದಿನಿಗೆ ಅಳು ಬಂದುಬಿಟ್ಟಿತು.

ಆಸ್ಪತ್ರೆಯಲ್ಲಿ ಇ.ಸಿ.ಜಿ. ಆಯಿತು, ರಕ್ತ ಪರೀಕ್ಷೆ ಆಯಿತು, ಆಂಜಿಯೋಗ್ರಾಂ ಆಯಿತು. ಹೃದಯದ ಮುಖ್ಯ ರಕ್ತನಾಳವೊಂದು ಬಹುಪಾಲು ಮುಚ್ಚಿಹೋಗಿತ್ತು. ಸಂಜೆಯೊಳಗೆ ಸ್ಟೆಂಟ್ ಹಾಕಿದರು.

ಕಲಿಯುವವರ ಕಾರಿನಲ್ಲೇ ಧಾವಿಸಿ ಬಂದ ಗಂಡ ಹೃದಯದ ಡಾಕ್ಟರಿಗೆ, "ಅವಳಿಗಿರೋದು ಕೀಲಿನ ಕಾಯಿಲೆ ಸರ್. ಹೃದಯ ಚೆನ್ನಾಗೇ ಇತ್ತು," ಎಂದ.

"ಆ ಕಾಯಿಲೆಗೂ ಇದ್ರಲ್ಲಿ ಪಾಲಿದೆ," ಎಂದರು ಅವರು. "ಹಾರ್ಟ್ ಅಟ್ಯಾಕ್ ಆಗೋ ಮುಂಚೆ ಬಂದಿದ್ದಾರೆ. ಅದೇ ಪುಣ್ಯ."

ಗಂಡ ಹೊರಗಿನ ಬೆಂಚಿನ ಮೇಲೆ ಕೂತ. ಅವಳು ದವಡೆಗೆ ಕೈಯೊತ್ತಿಕೊಂಡು ನಿಲ್ಲುತ್ತಿದ್ದುದನ್ನು ಅವನು ಕಂಡಿದ್ದ. ಕಾಣದೆ ಇರಲು ಮನೆಯೇನು ದೊಡ್ಡದಲ್ಲ.

ಮರುದಿನ ಅವಳ ಹಾಸಿಗೆಯ ಪಕ್ಕ ಕೂತು ಕೇಳಿದ: "ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ದೆ. ನೀವು ಹೂಂ ಅಂದ್ರಿ."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಿಮ್ಮೊಬ್ಬರದೇ ತಪ್ಪಲ್ಲ. ಕೀಲಿನ ಡಾಕ್ಟ್ರು ಹೃದಯದ ವಿಷಯ ಹೇಳಿದಾಗ ನಾನೂ ಹೂಂ ಅಂದಿದ್ದೆ."

ಮನೆಗೆ ಬಂದ ಮೇಲೆ ಎಲ್ಲ ಉಲ್ಟಾ ಆಯಿತು. ಅವಳು ಆಕಳಿಸಿದರೂ ಗಂಡ ಓಡಿಬರುತ್ತಿದ್ದ. ಮಗಳು ಬಿ.ಪಿ. ನೋಡುವ ಯಂತ್ರ ಹಿಡಿದು ಹಿಂದೆ ಹಿಂದೆ ತಿರುಗುತ್ತಿದ್ದಳು. "ಇದು ಆಕಳಿಕೆ ರೀ, ಬರೀ ಆಕಳಿಕೆ!" ಎಂದು ಒಂದು ದಿನ ಅವಳು ರೇಗಿದಳು. ಕೊನೆಗೆ ಒಂದು ಒಪ್ಪಂದವಾಯಿತು: ಮಾಮೂಲಿ ನೋವಾದರೆ ಅವಳು "ಹಳೇದು" ಎನ್ನಬೇಕು, ಹೊಸ ನೋವಾದರೆ ಮುಚ್ಚಿಡಬಾರದು.

ಕೀಲಿನ ಡಾಕ್ಟರ ಬಳಿ ಹೋದಾಗ ಅವಳು ಈ ಸಲ ತಲೆಯಾಡಿಸಿ ಎದ್ದು ಬರಲಿಲ್ಲ. ಬೆರಳು ಹಗುರಾದ ವಾರಗಳಲ್ಲಿ ಕೀಲಿನ ಮಾತ್ರೆ ಬಿಡುತ್ತಿದ್ದೆ, ನೋವು ಜಾಸ್ತಿಯಾದರೆ ಔಷಧದಂಗಡಿಯ ನೋವಿನ ಗುಳಿಗೆ ನುಂಗುತ್ತಿದ್ದೆ ಎಂದು ಒಪ್ಪಿಕೊಂಡಳು. ಡಾಕ್ಟರು ಬೈಯಲಿಲ್ಲ. "ಆ ಗುಳಿಗೆ ಇನ್ನು ಬೇಡ, ಹೃದಯಕ್ಕೆ ಒಳ್ಳೇದಲ್ಲ. ಕೀಲಿನ ಮಾತ್ರೆ ಮಾತ್ರ ಬಿಡಬೇಡಿ. ಉರಿ ಹತೋಟಿಲಿದ್ರೆ ಕೀಲಿಗೂ ಒಳ್ಳೇದು, ಹೃದಯಕ್ಕೂ ಒಳ್ಳೇದು," ಎಂದರು.

ಅಂಗಡಿಗೆ ಅವಳು ಮೊದಲು ಅರ್ಧ ದಿನಕ್ಕೆ ಬಂದಳು. ಅವಳಿಲ್ಲದಾಗ ಹೊಲಿದಿಟ್ಟಿದ್ದ ಪರದೆಯೊಂದನ್ನು ಕಿಟಕಿಗೆ ಹಿಡಿದು ನೋಡಿ, "ಏನೇ ಇದು? ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ," ಎಂದಳು.

"ನೀವು ಆಸ್ಪತ್ರೆಲಿದ್ದಾಗ ಹೊಲಿದದ್ದು. ಮನಸ್ಸೆಲ್ಲ ಅಲ್ಲೇ ಇತ್ತು," ಎಂದಳು ನಾದಿನಿ.

ದೊಡ್ಡಕ್ಕ ಅವಳ ಪಕ್ಕ ಕೂತಳು. ಪರದೆಯನ್ನು ತೊಡೆಯ ಮೇಲೆ ಹರಡಿಕೊಂಡಳು. ಒಬ್ಬರು ಒಂದು ತುದಿಯಿಂದ, ಇನ್ನೊಬ್ಬರು ಇನ್ನೊಂದು ತುದಿಯಿಂದ ಹೊಲಿಗೆ ಬಿಚ್ಚತೊಡಗಿದರು.