ಇನ್ನೊಬ್ಬರು ಬರೆದದ್ದು

ಅಪ್ಪನ ಎಡಗೈ ಬೆರಳುಗಳನ್ನು ಮಡಚಲು ಬರುತ್ತಿರಲಿಲ್ಲ. ಅಂಗೈಯಲ್ಲಿಟ್ಟ ಇಷ್ಟಲಿಂಗ ಜಾರದಂತೆ ಅಕ್ಷರಾ ಒಂದೊಂದೇ ಬೆರಳನ್ನು ಒತ್ತಿದಳು.

"ಜೋರ್ ಮಾಡಬ್ಯಾಡ. ಅವಕ್ಕೂ ಸಾಕಾಗೇತಿ," ಎಂದಳು ಅವ್ವ ಕಮಲವ್ವ.

ಹೊರಗೆ ಪೊಲೀಸ್ ಕಾರು ನಿಂತಿತ್ತು. ಶವ ಇಟ್ಟಿದ್ದ ಫ್ಯೂನರಲ್ ಹೋಮ್‌ನ ಬಾಗಿಲು ತೆರೆದಾಗಲೆಲ್ಲ ಕೂತವರ ಕತ್ತುಗಳು ಒಟ್ಟಿಗೇ ಹೊರಳುತ್ತಿದ್ದವು.

"ಸುಡೂದಿಲ್ಲ, ಮಣ್ಣು ಮಾಡ್ತೀವಿ ಅಂದ್ರ, ಇಲ್ಲಿ ಮ್ಯಾನೇಜರ್ ನೀವು ಮುಸ್ಲಿಮ್ಸಾ ಅಂತ ಕೇಳಿದ," ಎಂದಳು ಜಯದೇವಿ ಅತ್ತೆ ದನಿ ತಗ್ಗಿಸಿ.

"ಇವನಾದ್ರೂ ಕೇಳಿದ. ಗುಂಡು ಹೊಡೆದೋನು ಕೇಳಲೇ ಇಲ್ಲ," ಎಂದರು ಕನ್ನಡ ಸಂಘದ ತಿರುಮಲೇಶ ಅಂಕಲ್.

ಕೊನೆಯ ಸಾಲಿನಲ್ಲಿ ಮೈಬೂಬ್ ಕಾಕಾ ಟೋಪಿಯನ್ನು ಕಿಸೆಗೆ ತುರುಕಿಕೊಂಡು ಒಬ್ಬನೇ ಕೂತಿದ್ದ.

*

ಮೈಬೂಬ್ ಮತ್ತು ಅಕ್ಷರಾಳ ಅಪ್ಪ ಬಸಯ್ಯ ವಿಜಯಪುರದಲ್ಲಿ ಒಂದೇ ಬೆಂಚಿನವರು, ಪರದೇಶದ ಈ ಟ್ರಾಯ್ ಊರಿನಲ್ಲಿ ಒಂದೇ ಬಡಾವಣೆಯವರು. ಸಕ್ಕರೆ ಕಾಯಿಲೆ ಮೈಬೂಬನ ಕಣ್ಣು ತಿಂದ ಮೇಲೆ ಶುಕ್ರವಾರ ಅವನನ್ನು ಮಸೀದಿಗೆ ಡ್ರೈವ್ ಮಾಡುವುದು ಬಸಯ್ಯನ ಕೆಲಸವಾಯಿತು. ನಮಾಜ್ ಮುಗಿಯುವವರೆಗೆ ಅವನು ಪಾರ್ಕಿಂಗ್ ಲಾಟಿನಲ್ಲಿ ಹೀಟರ್ ಹಾಕಿಕೊಂಡು ಶೇಂಗಾ ತಿನ್ನುತ್ತಿದ್ದ.

"ಲೇ ಬಸ್ಯಾ, ಒಳಗರ ಬಂದು ಕುಂದ್ರು. ಥಂಡಿ ಐತಿ."

"ಒಳಗ ಬಂದ್ರ ನೀವು ಬಗ್ಗಸ್ತೀರಿ, ನನ್ನ ಮಣಕಾಲು ಒಪ್ಪೂದಿಲ್ಲ. ಲಗೂ ಮುಗಿಸಿ ಬಾ."

ಕಳೆದ ಶುಕ್ರವಾರ ಬಂದೂಕಿನ ಹುಡುಗನಿಗೆ ಮೊದಲು ಸಿಕ್ಕಿದ್ದು ಆ ಕಾರು.

*

ಕೊಲ್ಲುವ ಮುನ್ನ ಅವನು ಆನ್‌ಲೈನಿನಲ್ಲಿ ಹಾಕಿದ್ದನ್ನು ಅಕ್ಷರಾ ಓದಿದ್ದಳು. ಬೇರೆ ದೇಶದ ಇನ್ನೊಬ್ಬ ನಾಝಿ ಕೊಲೆಗಾರ ಬರೆದಿಟ್ಟುಹೋದದ್ದರ ನಕಲು ಅದು. ಊರಿನ ಹೆಸರನ್ನೂ ಬದಲಿಸಿರಲಿಲ್ಲ. ಟ್ರಾಯ್ ಇರಬೇಕಾದಲ್ಲಿ ಸಮುದ್ರದಾಚೆಯ ಯಾವುದೋ ಬಂದರು ಉಳಿದುಕೊಂಡಿತ್ತು. ಕಂದು ಮೈಯವರೆಲ್ಲ ಅದರಲ್ಲಿ ಒಂದೇ ಪದ. ಕೆಳಗೆ ಹೆಸರಿಲ್ಲದವರು ಅವನನ್ನು ಸಂತನೆಂದು ಹೊಗಳಿ, ಮುಂದಿನವನು ಯಾರು ಎಂದು ಕೇಳಿದ್ದರು. ಅಂದಿನಿಂದ ಮನೆಯ ಮುಂದೆ ಯಾವ ಕಾರು ನಿಧಾನವಾದರೂ ಅವಳು ಮಗಳನ್ನು ಕಿಟಕಿಯಿಂದ ಎಳೆದುಕೊಳ್ಳುತ್ತಿದ್ದಳು.

ಈಗ ಶವದ ಬದಿಯಲ್ಲಿ ನಿಂತಿದ್ದ ಅವಳತ್ತ ತಿರುಮಲೇಶ ಅಂಕಲ್ ಫೋನ್ ಚಾಚಿದರು. "ಟಿವಿಯವರು ಬಂದಿದಾರಮ್ಮ. ಡ್ರಾಫ್ಟ್ ಮಾಡಿದೀನಿ, ಓದಿಬಿಡು. ನಮ್ಮ ತಂದೆ ಹಿಂದೂ, ತಪ್ಪಿ ಅಲ್ಲಿದ್ದರು. ಅಷ್ಟೇ."

"ದೆ ಡೋಂಟ್ ಚೆಕ್, ಅಂಕಲ್."

"ಆದ್ರೂ ಹೇಳಿಡೋಣ. ನಾಳೆ ನಮ್ಮ ಟೆಂಪಲ್ ಮುಂದೆ ಬಂದು ನಿಂತ್ರೆ? ನಿನಗೂ ಮಗು ಇದೆ."

ಅವಳು ಫೋನ್ ತೆಗೆದುಕೊಂಡಳು. ಎರಡೇ ವಾಕ್ಯ. ಓದಿಬಿಟ್ಟರೆ ಮುಗಿಯಿತು. ಮಗಳು ಅವ್ವನ ತೊಡೆಗೆ ಒರಗಿ ನಿದ್ದೆಹೋಗಿದ್ದಳು.

ಮೈಬೂಬ್ ಕಾಕಾ ಕುರ್ಚಿಗಳನ್ನು ತಡವುತ್ತ ಹತ್ತಿರ ಬಂದ. "ಓದವ್ವಾ," ಎಂದ. "ನಾ ಏನೂ ತಿಳ್ಕೊಳ್ಳೂದಿಲ್ಲ. ಬಸ್ಯಾ ದಾರಿ ತಪ್ಪಿ ಬಂದಿದ್ದ ಅಂತನ ಹೇಳು. ಬೇಕಾದ್ರ ನಾನೂ ಹಂಗ ಹೇಳ್ತೀನಿ."

ಅಕ್ಷರಾ ಫೋನನ್ನು ತಿರುಮಲೇಶರ ಅಂಗಿಯ ಜೇಬಿಗೆ ಹಾಕಿದಳು.

"ಓದೂದಿಲ್ಲ," ಎಂದಳು.