ಗೋಡೆಗೆ ತಿರುಗಿದ ಪೆಟ್ಟಿಗೆ

ಕೆಂಚಮ್ಮ ಗಂಡನ ಗಿಟಾರಿನ ಸ್ಪೀಕರ್ ಪೆಟ್ಟಿಗೆಯ ಮೇಲಿದ್ದ ಗೋಣಿಚೀಲವನ್ನು ಕಿತ್ತು ಅಂಗಳಕ್ಕೆ ಎಸೆದಳು. ಅದು ಟೀ ಕುಡಿಯುತ್ತಿದ್ದವರ ಕಾಲ ಬಳಿ ಹೋಗಿ ಬಿತ್ತು. ಒಬ್ಬ ಬೆಚ್ಚಿ ಪಂಚೆಯ ಮೇಲೆಲ್ಲ ಟೀ ಚೆಲ್ಲಿಕೊಂಡ. ಚೆಲ್ಲಿಕೊಳ್ಳಲಿ, ಎಂದುಕೊಂಡಳು. ನಡುಮನೆಯಲ್ಲಿ ಹೆಣ ಮಲಗಿರುವಾಗ ಬಿಸ್ಕತ್ತು ಅದ್ದಿಕೊಂಡು ಚೀಪುವ ಆ ಬಾಯಿಗಳನ್ನು ನೋಡಿ ಬೆಳಗಿನಿಂದ ಅವಳಿಗೆ ವಾಕರಿಕೆ ಬರುತ್ತಿತ್ತು.

"ತಿರುಗ್ಸಿ ಇದನ್ನ, ಜನದ ಕಡೆ ತಿರುಗ್ಸಿ," ಎಂದಳು. "ನನ್ ಗಂಡ ಬದುಕಿರೋಗಂಟ ಗೋಡೆ ನೋಡ್ಕಂಡೇ ಕುಂತಿದ್ದ. ಇವತ್ತಾದ್ರೂ ಅವನ ಪೆಟ್ಗೆ ನಾಲ್ಕು ಜನದ ಮಕ ನೋಡ್ಲಿ."

ಆರ್ಕೆಸ್ಟ್ರಾದಲ್ಲಿ ಇಪ್ಪತ್ತು ವರ್ಷ ಅವಳ ಗಂಡ ಕದರಪ್ಪನ ಜೊತೆ ಹಾಡಿದ್ದ ರಾಧಾಮಣಿ ಮೆಲ್ಲನೆ ಅವಳ ಕೈ ಹಿಡಿದಳು. "ಅಕ್ಕಾ, ಕದರಣ್ಣನೇ ಅದನ್ನ ಅಂಗೆ ಇಟ್ಕೊಂತಿದ್ದಿದ್ದು. ತಿರುಗಿಸಿದ್ರೆ ಅದರ ಸದ್ದು ಕಿವಿಗೆ ಚುಚ್ತದೆ."

"ನೀವೆಲ್ಲ ಸೇರ್ಕಂಡು ಕಟ್ಟಿರೋ ಮಾತು ಕಣಮ್ಮ ಅದು," ಎಂದು ಕೆಂಚಮ್ಮ ಕೈ ಬಿಡಿಸಿಕೊಂಡಳು.

ಆರ್ಕೆಸ್ಟ್ರಾದ ಯಜಮಾನ ಪ್ರಸನ್ನ ಕುಮಾರ್‌ಗೆ ಮಾತ್ರ ಇದು ಹಿಡಿಸಿತು. ಅವನು ಬೆಳಗ್ಗೆಯೇ ಮಧುಗಿರಿಯಿಂದ ಒಂದು ಫ್ಲೆಕ್ಸ್ ಮಾಡಿಸಿಕೊಂಡು ಬಂದಿದ್ದ. ಅದರಲ್ಲಿ ಕದರಪ್ಪನ ಮುಖವನ್ನು ಯಾವನೋ ಕೋಟು ತೊಟ್ಟವನ ಕುತ್ತಿಗೆಗೆ ಅಂಟಿಸಿ, ಕೈಗೆ ಕೆಂಪು ಗಿಟಾರು ಕೊಟ್ಟಿದ್ದರು. ಕದರಪ್ಪ ಜನ್ಮದಲ್ಲಿ ಕೋಟು ಹಾಕಿದವನಲ್ಲ. ಇದ್ದಾಗ ಹೆಸರಿಟ್ಟು ಕರೆಯದವರು ಸತ್ತಾಗ 'ಗಿಟಾರ್ ಮಾಂತ್ರಿಕ' ಎಂದು ಬರೆಸಿ ತಂದಿದ್ದರು. ಕೆಂಚಮ್ಮ ಅದನ್ನು ನೋಡಿ ಮುಖ ತಿರುಗಿಸಿಕೊಂಡಳು.

"ಸರಿಯಾಗಿ ಹೇಳಿದ್ರಿ ಅಕ್ಕಾರೆ. ಅವರ ಪೆಟ್ಟಿಗೇಲೇ ಅವರಿಗೆ ಗೀತನಮನ ಮಾಡೋಣ," ಎಂದ ಪ್ರಸನ್ನ ಕುಮಾರ್, ತನ್ನ ಫೋನನ್ನು ಒಬ್ಬನ ಕೈಗೆ ಕೊಟ್ಟ. "ವಿಡಿಯೋ ಮಾಡ್ಕೊಳ್ಳಪ್ಪ."

ಇಬ್ಬರು ಪೆಟ್ಟಿಗೆಯನ್ನು ಎಳೆದು ತಿರುಗಿಸಿದರು. ಸಿರಾದ ರೇಡಿಯೋ ರಿಪೇರಿ ಸಾಬರು ಡೇರೆ ಟಾಕೀಸಿನ ಹಳೆಯ ವಾಲ್ವ್ ಸೆಟ್ಟನ್ನು ಬಿಚ್ಚಿ ಗಿಟಾರಿಗೆಂದು ಕಟ್ಟಿಕೊಟ್ಟಿದ್ದ ಪೆಟ್ಟಿಗೆ ಅದು. ಅದರ ಹಿಂದಿನ ಗೋಡೆಯಲ್ಲಿ ಊಟದ ತಟ್ಟೆಯಗಲಕ್ಕೆ ದುಂಡಗೆ ಸುಣ್ಣ ಉದುರಿತ್ತು. ಎಷ್ಟು ಸಲ ಬಳಿದರೂ ನಿಲ್ಲದ ಆ ಹುಣ್ಣು ಈಗ ಎಲ್ಲರ ಕಣ್ಣಿಗೂ ಬಿತ್ತಲ್ಲ ಎಂದು ಅವಳಿಗೆ ಮತ್ತಷ್ಟು ರೇಗಿತು.

*

ಹದಿನೆಂಟು ವರ್ಷದ ಹಿಂದೆ ಒಂದೇ ಒಂದು ಸಲ ಅವಳು ಗಂಡನ ಕಾರ್ಯಕ್ರಮಕ್ಕೆ ಹೋಗಿದ್ದಳು. ಮಧುಗಿರಿಯ ಕಲ್ಯಾಣ ಮಂಟಪ, ದೊಡ್ಡ ಕುಳಗಳ ಮದುವೆ. ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮುಂದಿನ ಸಾಲಿನಲ್ಲೇ ಕೂರಬೇಕೆಂದು ಬಂದವಳಿಗೆ ವೇದಿಕೆಯ ಮೇಲೆ ಗಂಡ ಕಾಣಲೇ ಇಲ್ಲ. ಪಕ್ಕಕ್ಕೆ ಸರಿದು ಇಣುಕಿದಳು. ಕೀಬೋರ್ಡಿನವನು, ಡ್ರಮ್ಮಿನವನು, ಹಾಡುವವರು ಎಲ್ಲ ಮುಂದೆ. ಕದರಪ್ಪ ಹಿಂಭಾಗದ ಮೂಲೆಯಲ್ಲಿದ್ದ. ಪೆಟ್ಟಿಗೆಯ ಮುಖ ಗೋಡೆಗೆ, ಅದರ ಮೇಲೊಂದು ಹರಕು ಗೋಣಿಚೀಲ.

ಅವಳ ಮಾವ ತಮಟೆ ಬಡಿಯುತ್ತಿದ್ದವರು. ಮದುವೆ ಮನೆಗಳಲ್ಲಿ ಅವರನ್ನು ಚಪ್ಪರದ ಹೊರಗೆ, ಹಿತ್ತಿಲ ಗೋಡೆಯ ಮಗ್ಗುಲಿಗೆ ನಿಲ್ಲಿಸುತ್ತಿದ್ದರು. ಅಪ್ಪನ ತಮಟೆ ಬಿಟ್ಟು ಗಿಟಾರು ಹಿಡಿದ ಮಗನಿಗೂ ಗೋಡೆಯೇ ಗತಿಯಾಯಿತೇ? ಯಾರು ಅಲ್ಲಿ ಕೂರಿಸಿದರೆಂದು ಅವಳು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ ಎಂದುಕೊಂಡಳು. ಊಟಕ್ಕೂ ಕೂರದೆ ಬಡವನಹಳ್ಳಿ ಬಸ್ಸು ಹತ್ತಿದಳು. ಅವತ್ತಿನಿಂದ ಆ ಪೆಟ್ಟಿಗೆಯ ಕಡೆ ನೋಡಿದರೆ ಅವಳಿಗೆ ಅಸಹ್ಯ. ಅದನ್ನು ಸಹಿಸಿಕೊಂಡ ಗಂಡನ ಮೇಲೆ ಅದಕ್ಕಿಂತ ಹೆಚ್ಚು ಅಸಹ್ಯ.

*

ಪ್ರಸನ್ನ ಕುಮಾರ್ ಪ್ಲಗ್ಗು ಹಾಕಿ ಗಿಟಾರು ಹೆಗಲಿಗೇರಿಸಿದ. ಅಂಗಳದ ಮೂಲೆಯಲ್ಲಿ ಕದರಪ್ಪನ ಅಣ್ಣ ದೊಡ್ಡಹನುಮಯ್ಯ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತ ಕೂತಿದ್ದ.

"ವಸಿ ತಡೀರಿ ಸಾಮಿ," ಎಂದು ಅಲ್ಲಿಂದಲೇ ಕೂಗಿದ. "ಆ ಪೆಟ್ಗೇನೂ ನಮ್ ತಮಟೆ ಇದ್ದಂಗೆ. ಕಾಯಿಸ್ದೆ ಬಾರಿಸಿದ್ರೆ ಒರಟು ಸದ್ದು ಬತ್ತದೆ ಅಂತಿದ್ದ ತಮ್ಮ."

"ಮಣ್ಣಿಗೆ ಹೊತ್ತಾಯ್ತು ಬಿಡಪ್ಪ," ಎಂದ ಪ್ರಸನ್ನ ಕುಮಾರ್, ತಿರುಪುಗಳ ಮೇಲೆ ಕೈಯಾಡಿಸಿದ. "ಸಾವಿನ ಮನೆ, ವಾಲ್ಯೂಮ್ ಸಣ್ಣಗಿರ್ಲಿ. ಎಲ್ಲರಿಗೂ ಚೆನ್ನಾಗಿ ಕೇಳ್ಲಿ ಅಂತ ಟ್ರೆಬಲ್ ಪೂರ್ತಿ ಕೊಡ್ತೀನಿ."

ತಂತಿ ಮೀಟಿದ. ಹಿತ್ತಾಳೆ ಬೋಗುಣಿಯ ತಳವನ್ನು ಮೊಳೆಯಲ್ಲಿ ಗೀರಿದ ಹಾಗಾಯಿತು. ಕೆಂಚಮ್ಮನ ಹಲ್ಲು ಜುಮ್ಮೆಂದಿತು. ಯಾರದೋ ಕಂಕುಳಲ್ಲಿದ್ದ ಕೂಸು ಕಿಟಾರನೆ ಕಿರುಚಿಕೊಂಡಿತು. ಹೆಣದ ತಲೆಯ ಬಳಿ ರಾಗವಾಗಿ ಅಳುತ್ತಿದ್ದ ಪಾವಗಡದ ದೊಡ್ಡಮ್ಮ, ಎಲ್ಲರೂ ತೆಲುಗಿನಲ್ಲಿ ಪೆದ್ದಮ್ಮ ಎನ್ನುವ ಮುದುಕಿ, ಅಳುವನ್ನು ಅರ್ಧಕ್ಕೇ ಬಿಟ್ಟು ಕಿವಿ ಮುಚ್ಚಿಕೊಂಡಳು. "ಅಯ್ಯಯ್ಯೋ, ನಾ ಚೆವುಲು ಪೋಯ್ನಾಯಿ ಕಣಮ್ಮ, ಕಿವೀನೇ ಹೋದ್ವು!"

ಪ್ರಸನ್ನ ಕುಮಾರ್ ಕಣ್ಣು ಮುಚ್ಚಿಕೊಂಡು, ಫೋನಿನ ಕಡೆ ಮುಖ ಮಾಡಿ ನುಡಿಸುತ್ತಲೇ ಇದ್ದ. ರಾಧಾಮಣಿ ಬಾಯಿ ತೆರೆದು ಹಾಡುತ್ತಿದ್ದಳು. ಅವಳ ತೆಳು ದನಿ ಆ ಚೀರಾಟದಲ್ಲಿ ಎಲ್ಲಿ ಹೋಯಿತೋ, ಬರೀ ತುಟಿ ಆಡುವುದಷ್ಟೇ ಕಂಡಿತು.

ಬಾಗಿಲಲ್ಲಿ ನಿಂತಿದ್ದವನೊಬ್ಬ ಪಕ್ಕದವನಿಗೆ ಹೇಳಿದ್ದು ಕೆಂಚಮ್ಮನ ಕಿವಿಗೆ ಬಿತ್ತು. "ಕದರಪ್ಪ ನುಡಿಸ್ತಿದ್ದಿದ್ದು ಇದೇನಾ? ಥೂ, ಅದ್ಕೇ ಕಣ್ಲಾ ಇವನನ್ನ ಮೂಲೇಲಿ ಕೂರ್ಸ್ತಿದ್ದಿದ್ದು."

ಅವನ ಪೆಟ್ಟಿಗೆ ನಾಲ್ಕು ಜನದ ಮುಖ ನೋಡಲಿ ಎಂದವಳು ತಾನೇ. ಆ ಜನ ಉಗಿಯುವ ಹಾಗೆ ಮಾಡಿದವಳೂ ತಾನೇ. ಇನ್ನೊಂದು ಗಳಿಗೆಗೆ ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಊರಿನ ಕಿವಿಯಲ್ಲಿ ಅವನದೆಂದು ಉಳಿಯುವುದು ಈ ಚೀರಾಟವೇ.

*

ಯುಗಾದಿಗೆ ಅವಳು ಸುಣ್ಣ ಬಳಿಯುವಾಗಲೆಲ್ಲ ಆ ದುಂಡು ಜಾಗಕ್ಕೆ ಬಂದರೆ ಬೈಗುಳ ಶುರು. ಕದರಪ್ಪ ಗಿಟಾರಿನ ತಂತಿ ಒರೆಸುತ್ತ ನಗುತ್ತಿದ್ದ.

"ಇದರ ಗಂಟ್ಲು ಚೂಪು ಕಣೆ. ಮಕಕ್ಕೆ ಹೇಳಿದ್ರೆ ಚುಚ್ತದೆ. ಗೋಡೆಗೆ ಹೇಳ್ಬೇಕು, ಗೋಡೆ ನಮಗೆ ಹೇಳ್ಬೇಕು. ಆವಾಗ ದುಂಡಗೆ ಬತ್ತದೆ."

"ಹೂಂ, ಹೇಳ್ಕ. ಗೋಡೆಗಾದ್ರೂ ಮರ್ವಾದೆ ಇರ್ತದೆ."

"ಇನ್ನೊಂದ್ ಮಜಾ ಗೊತ್ತಾ? ಸಣ್ಣಗಿಟ್ರೆ ಕಿರುಚ್ತದೆ, ಜೋರಾಗಿ ಬುಟ್ರೆ ಮೆತ್ತಗಾಗ್ತದೆ. ನಿನ್ ತದ್ವಿರುದ್ಧ."

ಹಾಗೆನ್ನುತ್ತಲೇ ಒಂದು ಯುಗಾದಿಗೆ ಅವನು ಬೆಂಕಿಕಡ್ಡಿಯನ್ನು ಅವಳ ಸುಣ್ಣದ ಬಕೆಟ್ಟಿಗೆ ಅದ್ದಿ, ಪೆಟ್ಟಿಗೆಯ ಪ್ರತಿ ತಿರುಪಿನ ಪಕ್ಕಕ್ಕೂ ಅದು ನಿಲ್ಲಬೇಕಾದ ಗುರುತಿಗೆ ಒಂದೊಂದು ಬೊಟ್ಟು ಇಟ್ಟ. ಬಳಿಯುವ ಸುಣ್ಣದಲ್ಲಿ ಆಟ ಆಡ್ತೀಯಾ ಎಂದು ಅವಳು ಅವನ ಕೈಗೆ ಹೊಡೆದಳು.

*

"ನಿಲ್ಸಪ್ಪ!"

ಕೆಂಚಮ್ಮ ಎದ್ದಳು. ಹೆಣದ ಕಾಲು ಬಳಸಿಕೊಂಡು ಬಂದು ಪೆಟ್ಟಿಗೆಗೆ ಕೈ ಹಾಕಿದಳು. ರಾಧಾಮಣಿ ಇನ್ನೊಂದು ಬದಿಗೆ ಬಂದು ಹಿಡಿದಳು. ಇಬ್ಬರೂ ಸೇರಿ ಅದನ್ನು ಗೋಡೆಗೆ ತಿರುಗಿಸಿ, ಆ ದುಂಡು ಗುರುತಿನ ಎದುರಿಗೆ ಇಟ್ಟರು. ಪೆಟ್ಟಿಗೆಯ ತಲೆಯ ಮೇಲಿನ ಬಿಳಿ ಬೊಟ್ಟುಗಳು ಮಾಸಿದ್ದರೂ ಕಾಣುತ್ತಿದ್ದವು. ಅವಳು ಒಂದೊಂದೇ ತಿರುಪನ್ನು ಬೊಟ್ಟಿಗೆ ತಂದಳು. ಟ್ರೆಬಲ್ಲು ಪೂರ್ತಿ ಕೆಳಗೆ. ವಾಲ್ಯೂಮು ಅರ್ಧದಿಂದ ಮೇಲೆ.

"ಅಕ್ಕಾರೆ, ಅಷ್ಟು ಕೊಟ್ರೆ ಹೆಂಚು ಹಾರೋಗ್ತದೆ," ಎಂದ ಪ್ರಸನ್ನ ಕುಮಾರ್.

"ಹಾರೋಗ್ಲಿ. ನನ್ ಮನೆ ಹೆಂಚು. ಆ ಫೋನು ಒಳಗಿಕ್ಕಿಸು ಮೊದ್ಲು."

ದೊಡ್ಡಹನುಮಯ್ಯ ಗೋಣಿಚೀಲ ಕೊಡವಿಕೊಂಡು ಬಂದು ಪೆಟ್ಟಿಗೆಗೆ ಹೊದಿಸಿದ. ಅದು ಕಾಯಲೆಂದು ಎಲ್ಲರೂ ತಡೆದರು. ಪೆಟ್ಟಿಗೆಯ ಬೆನ್ನಿನ ಸಂದಿಯಲ್ಲಿ ವಾಲ್ವುಗಳು ಕೆಂಡದ ಬಣ್ಣಕ್ಕೆ ಬಂದಿದ್ದವು. ಅವನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ತಮಟೆಯ ಬಿಸಿ ನೋಡುವ ಹಾಗೆ ನೋಡಿದ.

"ಈಗ ಬಾರ್ಸಿ ಸಾಮಿ."

ಪ್ರಸನ್ನ ಕುಮಾರ್ ಅಳುಕುತ್ತಲೇ ಮೀಟಿದ. ಸದ್ದು ಗೋಡೆಗೆ ಹೋಗಿ, ಗೋಡೆಯಿಂದ ಮನೆಯೆಲ್ಲ ತುಂಬಿಕೊಂಡು ಬಂತು. ದುಂಡಗಿತ್ತು, ಬೆಚ್ಚಗಿತ್ತು. ಅದರ ಮೇಲೆ ರಾಧಾಮಣಿಯ ತೆಳು ದನಿ ಅಕ್ಷರ ಅಕ್ಷರವೂ ಕೇಳಿಸಿತು. ಅಂಗಳದಲ್ಲಿದ್ದವರು ಟೀ ಲೋಟ ಕೆಳಗಿಟ್ಟು ಬಾಗಿಲಿಗೆ ಬಂದರು. ಪೆದ್ದಮ್ಮ ಕಿವಿಯಿಂದ ಕೈ ತೆಗೆದಳು.

ಇದನ್ನು ಕೇಳಬೇಕಾದ ಮುಂದಿನ ಸಾಲಿನಲ್ಲಿ ಹದಿನೆಂಟು ವರ್ಷ ತನ್ನ ಕುರ್ಚಿ ಖಾಲಿ ಬಿದ್ದಿತ್ತು. ಫ್ಲೆಕ್ಸಿನವರ ಮೇಲೆ, ಬಿಸ್ಕತ್ತಿನವರ ಮೇಲೆ ಬೆಳಗಿನಿಂದ ಕಾರಿದ ಹೇಸಿಗೆಯೆಲ್ಲ ಈಗ ಅವಳ ಮೇಲೆಯೇ ತಿರುಗಿತು. ಗಂಡನ ಮುಖದ ಕಡೆ ನೋಡಲಾಗದೆ ಗೋಡೆ ನೋಡಿಕೊಂಡು ಕೂತಳು. ಅಲ್ಲಿ ಒಂದೊಂದು ಮಂದ್ರದ ತಂತಿಗೂ ಸುಣ್ಣದ ಹುಡಿ ಸಣ್ಣಗೆ ಉದುರುತ್ತಿತ್ತು.

ಸ್ವಲ್ಪ ಹೊತ್ತಿಗೆ ಹೆಣ ಎತ್ತಿದರು. ಕಾದ ತಮಟೆಯ ಸದ್ದು ಹುಣಸೆಮರ ದಾಟಿ ಹೊಲದ ಕಡೆ ಹೋಯಿತು. ಹೆಣ ಹೊರಟ ಮನೆಯನ್ನು ಗುಡಿಸಿ ತೊಳೆಯಬೇಕಲ್ಲ, ಪೆದ್ದಮ್ಮ ಸೆರಗು ಸಿಕ್ಕಿಸಿಕೊಂಡು ಪೊರಕೆ ಹಿಡಿದಳು. ಹೂವಿನ ಎಸಳು, ಊದುಬತ್ತಿಯ ಬೂದಿ ಎಲ್ಲ ಬಳಿದುಕೊಂಡು ಪೆಟ್ಟಿಗೆಯ ಹತ್ತಿರ ಬಂದಳು. ನೆಲದ ಮೇಲೆ ಹೊಸ ಸುಣ್ಣದ ಹುಡಿ ತೆಳ್ಳಗೆ ಬಿದ್ದಿತ್ತು.

ಕೆಂಚಮ್ಮ ಕೂತಲ್ಲಿಂದಲೇ ಕಾಲು ಚಾಚಿ ಪೊರಕೆಯನ್ನು ಮೆಟ್ಟಿ ಹಿಡಿದಳು.

"ಅಷ್ಟು ಜಾಗ ಬುಡು, ಪೆದ್ದಮ್ಮ."